ಏಕಾದಶಿಯ ಸುಳ್ಳರ್ಥ

ನಮ್ಮ ಮನೆಯಲ್ಲಿ ಸುಳ್ಳು ಹೇಳುವುದಕ್ಕೆ ಹದಿನೈದು ದಿನಕ್ಕೊಂದು ಮುಹೂರ್ತವಿತ್ತು. ಏಕಾದಶಿ. ಅವತ್ತು ಒಲೆ ಹಚ್ಚುವಂತಿಲ್ಲ. ಊಟವಿಲ್ಲ, ಕಾಫಿಯಿಲ್ಲ, ನೀರೂ ಇಲ್ಲ. ತಮಿಳರ ನಡುವೆ, ತಿರುವಲ್ಲಿಕ್ಕೇಣಿಯ ಆ ಉದ್ದನೆಯ ಮನೆಯಲ್ಲಿ ಹೆಂಗಸರಿಗೆ ಕೆಲಸವಿಲ್ಲದ ದಿನ ಅದೊಂದೇ. ಕೈಗೆ ಕೆಲಸವಿಲ್ಲದಿದ್ದರೆ ಹಸಿವು ಎಷ್ಟು ಸದ್ದು ಮಾಡುತ್ತದೆ ಎಂಬುದು ಉಪವಾಸ ಮಾಡಿದವರಿಗೇ ಗೊತ್ತು. ಅದನ್ನು ಮರೆಯುವುದಕ್ಕೆಂದು ಸಂಜೆ ನನ್ನ ಗಂಡ ಆಫೀಸಿನಿಂದ ಬಂದ ಮೇಲೆ ಎಲ್ಲರೂ ನಡುಮನೆಯಲ್ಲಿ ಕೂತು 'ಸುಳ್ಳರ್ಥ' ಆಡುತ್ತಿದ್ದೆವು.

ಆಟ ಕಷ್ಟದ್ದಲ್ಲ. ಮಾವನವರ ಹತ್ತಿರ ಒಂದು ಹಳೆಯ ಕನ್ನಡ ನಿಘಂಟಿತ್ತು, ಎತ್ತಲು ಎರಡು ಕೈ ಬೇಕು. ಪುಸ್ತಕ ಹಿಡಿದವರು ಯಾರಿಗೂ ಗೊತ್ತಿಲ್ಲದ ಒಂದು ಶಬ್ದ ಹುಡುಕಿ ಹೇಳಬೇಕು. ಉಳಿದವರು ಅದಕ್ಕೊಂದು ಅರ್ಥ ಹುಟ್ಟಿಸಿ ಚೀಟಿಯಲ್ಲಿ ಬರೆದು ಕೊಡಬೇಕು. ಪುಸ್ತಕ ಹಿಡಿದವರು ನಿಜವಾದ ಅರ್ಥವನ್ನೂ ಒಂದು ಚೀಟಿಯಲ್ಲಿ ಬರೆದು ಅದರೊಳಗೆ ಸೇರಿಸಿ, ಎಲ್ಲವನ್ನೂ ಒಂದೇ ದನಿಯಲ್ಲಿ ಓದಬೇಕು. ಆಮೇಲೆ ನಿಜ ಯಾವುದೆಂದು ಒಬ್ಬೊಬ್ಬರಾಗಿ ಹೇಳುವುದು. ನಿಜ ಹಿಡಿದವರಿಗೆ ಒಂದು ಹುಣಿಸೆಬೀಜ. ನಿಮ್ಮ ಸುಳ್ಳನ್ನು ಯಾರಾದರೂ ನಂಬಿದರೆ, ನಂಬಿದ ಪ್ರತಿ ತಲೆಗೂ ನಿಮಗೊಂದು ಬೀಜ.

ಪ್ರತಿ ಸಲವೂ ಗೆಲ್ಲುತ್ತಿದ್ದವರು ಮಾವ. ಬಂದರಿನ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿ ರಿಟೈರಾಗಿದ್ದ ಮಧ್ವರಾಯರು. ಮನೆಯಲ್ಲಿ ಈಗಲೂ ಹೆಡ್ ಕ್ಲಾರ್ಕೇ. ಅವರು ಗೆಲ್ಲುವುದಕ್ಕೆ ಕಾರಣ ಬಹಳ ಸರಳವಾಗಿತ್ತು. ಉಪವಾಸದ ದಿನ ನಮ್ಮೆಲ್ಲರ ಬುದ್ಧಿಯೂ ಹೊಟ್ಟೆಗೆ ಇಳಿದಿರುತ್ತಿತ್ತು. ಶಬ್ದ ಯಾವುದೇ ಬರಲಿ, ನಾವು ಬರೆಯುವ ಅರ್ಥ ತಿಂಡಿಯೇ. 'ಬಿಜ್ಜಣಿಗೆ' ಎಂದರೆ ನನ್ನ ಗಂಡ ತಿರುಮಲ "ಇಂಗಿನ ಒಗ್ಗರಣೆ ಹಾಕಿದ ಮಜ್ಜಿಗೆ ಸಾರು" ಎಂದು ಬರೆದರು. ನಾದಿನಿ ಜಲಜಾ "ಹಲಸಿನ ಹಣ್ಣಿನ ದೋಸೆ" ಎಂದಳು. ನಾನು ಬುದ್ಧಿವಂತಳೆಂದು ತಿಳಿದುಕೊಂಡು "ಒಂದು ಬಗೆಯ ಸೌಟು" ಎಂದು ಬರೆದೆ. ಸೌಟಿನ ಹಿಂದೆ ಇದ್ದದ್ದೂ ಪಾಯಸವೇ. ಮಾವ ಮಾತ್ರ ಗಂಭೀರವಾಗಿ "ಯುದ್ಧದಲ್ಲಿ ಆನೆಯ ಕಾಲಿಗೆ ಕಟ್ಟುವ ಸರಪಳಿ" ಎಂದು ಬರೆದಿದ್ದರು. ಎಲ್ಲರೂ ಆನೆಯ ಹಿಂದೆ ಹೋದೆವು. ನಿಜವಾದ ಅರ್ಥ ಬೀಸಣಿಗೆ.

ನಮ್ಮ ಅತ್ತೆ ಜಾನಕಮ್ಮನವರ ಚೀಟಿಯನ್ನಂತೂ ಕಣ್ಣು ಮುಚ್ಚಿ ಹೇಳಬಹುದಿತ್ತು. 'ಕಾಳಂಜಿ' ಎಂಬ ಶಬ್ದಕ್ಕೆ ಅವರು "ಗೋಡಂಬಿ ಅರೆದು, ಕೆನೆಹಾಲಿನಲ್ಲಿ ಬೇಯಿಸಿ, ಮೇಲೆ ಕೇಸರಿ ಉದುರಿಸಿ, ತಣ್ಣಗಾದ ಮೇಲೆ ಕತ್ತರಿಸಿ ಎರಡೆರಡು ತಿನ್ನತಕ್ಕದ್ದು" ಎಂದು ಬರೆದಿದ್ದರು. ಓದುವಾಗ ನನ್ನ ಬಾಯಲ್ಲಿ ನೀರೂರಿ ಮಾತು ತೊದಲಿತು. ಕಾಳಂಜಿ ಎಂದರೆ ಉಗುಳುವ ಪಾತ್ರೆ ಎಂದು ಗೊತ್ತಾದಾಗ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಮಾವ ನಗಲಿಲ್ಲ. ಹುಣಿಸೆಬೀಜ ಎಣಿಸುತ್ತ, "ಇಂದ್ರಿಯ ನಿಗ್ರಹ ಇಲ್ಲದವರಿಗೆ ಉಪವಾಸ ಯಾಕೆ? ನಾಲಿಗೇನ ಗೆಲ್ಲದವನು ನಾಲ್ಕು ಜನರನ್ನ ಗೆಲ್ತಾನಾ?" ಎಂದರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಇದನ್ನು ನಂಬಿದ್ದೆ. ನನ್ನ ಮೇಲೆ ನನಗೇ ಈಗ ಸಿಟ್ಟು ಬರುತ್ತದೆ.

ಏಕಾದಶಿಯ ಮಧ್ಯಾಹ್ನ ಮಾವ ಮನೆಯಲ್ಲಿ ಇರುತ್ತಿರಲಿಲ್ಲ. ಪುರಸೈವಾಕ್ಕಂನಲ್ಲಿ ವಿಷ್ಣುತೀರ್ಥಾಚಾರ್ಯರ ಪ್ರವಚನ ಎಂದು, ಉರಿಬಿಸಿಲಿನಲ್ಲಿ ಛತ್ರಿ ಹಿಡಿದು ಬಸ್ಸು ಹತ್ತುತ್ತಿದ್ದರು. ನೀರೂ ಕುಡಿಯದ ಮುದುಕ ಅಷ್ಟು ದೂರ ಹೋಗಿ, ಬಾಡದೆ, ಬಳಲದೆ, ಮುಖದಲ್ಲಿ ಒಂದು ಕಳೆ ಹೊತ್ತು ಬರುತ್ತಿದ್ದರು. ಭಗವಂತನ ಮಹಿಮೆ ಎಂದುಕೊಂಡಿದ್ದೆವು.

ಆ ವರ್ಷ, ಅಂದರೆ ಅರುವತ್ತೆರಡರ ಬೇಸಿಗೆಯಲ್ಲಿ, ಒಂದು ಏಕಾದಶಿಯ ಬೆಳಿಗ್ಗೆ ಮಾವ ಒರಳುಕಲ್ಲಿಗೆ ಕಾಲು ಎಡವಿ ಹೆಬ್ಬೆರಳಿನ ಉಗುರು ಕಿತ್ತುಕೊಂಡರು. ಅತ್ತೆ ಅರಿಶಿನ ಹಚ್ಚಿ ಹಳೇ ಪಂಚೆಯ ಚೂರು ಸುತ್ತಿದರು. ಚಪ್ಪಲಿ ಮೆಟ್ಟಲಾಗದೆ ಪ್ರವಚನ ತಪ್ಪಿತು. ಮಧ್ಯಾಹ್ನವೆಲ್ಲ ಅವರು ಬೋನಿನೊಳಗಿನ ಹುಲಿಯಂತೆ ಸಿಡಿಮಿಡಿ ಎನ್ನುತ್ತಿದ್ದರು. ಸಂಜೆ ಆಟದಲ್ಲಿ ಪುಸ್ತಕ ನನ್ನ ಕೈಯಲ್ಲಿತ್ತು. ಶಬ್ದ 'ಕಮ್ಮಟ'. ಹಳೆಯ ಕಾಲದಲ್ಲಿ ನಾಣ್ಯ ಅಚ್ಚು ಹಾಕುತ್ತಿದ್ದ ಟಂಕಸಾಲೆ ಎಂದು ಅದರರ್ಥ. ಚೀಟಿಗಳನ್ನು ಓದುತ್ತ ಹೋದೆ. ಒಂದರಲ್ಲಿ ಹೀಗಿತ್ತು: "ತೆಳ್ಳಗೆ ಹುಯ್ದು, ಅಂಚು ಗರಿಗರಿಯಾದ ಮೇಲೆ ಒಳಗೆ ಕೆಂಪು ಚಟ್ನಿ ಸವರಿ, ಆಲೂಗೆಡ್ಡೆ ಪಲ್ಯ ಇಟ್ಟು ಮಡಿಸಿದ್ದು. ಮೇಲೆ ಬೆಣ್ಣೆ. ಸಾಂಬಾರು ಬೇರೆ ಬಟ್ಟಲಲ್ಲಿ."

"ಇದು ಅಣ್ಣಂದು!" ಎಂದು ಜಲಜಾ ಚಪ್ಪಾಳೆ ತಟ್ಟಿದಳು.

"ನನ್ನದಲ್ಲ, ನಂದು ಜಿಲೇಬಿ" ಎಂದರು ತಿರುಮಲ.

ಕೈಬರಹ ನೋಡಿದೆ. ಮಾವನದು. ಎಲ್ಲರೂ ಅವರ ಕಡೆ ತಿರುಗಿದರು.

"ಅಪ್ಪಾ, ನೀಂಗಳಾ?" ಎಂದು ಜಲಜಾ ತಮಿಳಿನಲ್ಲೇ ಬಾಯಿ ಬಿಟ್ಟಳು. ಆಶ್ಚರ್ಯವಾದಾಗ ಅವಳಿಗೆ ಕನ್ನಡ ಬರುತ್ತಿರಲಿಲ್ಲ.

"ಸುಮ್ಮನೆ ನಿಮ್ಮನ್ನೆಲ್ಲ ಪರೀಕ್ಷೆ ಮಾಡಿದೆ" ಎಂದು ಮಾವ ಗಂಟಲು ಸರಿಮಾಡಿಕೊಂಡರು. ಅತ್ತೆ ಅವರ ಕಾಲಿನ ಬಟ್ಟೆಯ ಗಂಟನ್ನು ನೋಡುತ್ತಿದ್ದರು.

ನನಗೆ ಮಾತ್ರ ಆ ಕೆಂಪು ಚಟ್ನಿ ಗಂಟಲಿಗೆ ಸಿಕ್ಕಿಕೊಂಡಿತು. ನಮ್ಮ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಹೊಸ್ತಿಲು ದಾಟಿದ್ದಿಲ್ಲ, ಅಂಥ ದೋಸೆ ಹುಯ್ದದ್ದೂ ಇಲ್ಲ. ಒಮ್ಮೆಯೂ ತಿನ್ನದವರಿಗೆ ಸಾಂಬಾರು ಬೇರೆ ಬಟ್ಟಲಲ್ಲಿ ಬರುತ್ತದೆಂದು ಗೊತ್ತಾದದ್ದು ಹೇಗೆ?

ಆ ಯೋಚನೆ ಅಲ್ಲಿಗೇ ನಿಂತುಹೋಗುತ್ತಿತ್ತೋ ಏನೋ. ಆದರೆ ಹನ್ನೆರಡು ದಿನ ಕಳೆದ ಮೇಲೆ ಜಲಜಾಳಿಗೆ ಮದುರೆಯ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ನಮ್ಮ ಕಡೆಯ ಹುಡುಗಿಯರಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಕಪ್ಪೆ ಕಂಡರೆ ಮಂಚ ಹತ್ತುತ್ತಿದ್ದ ಹುಡುಗಿ, ಊರಿನ ಕಾಲೇಜಿಗೆ ಸೇರಿದ ಮೇಲೆ ಕಪ್ಪೆಯ ಹೃದಯ ಎಷ್ಟು ಚಂದ ಎಂದು ನನಗೆ ಪಾಠ ಹೇಳುತ್ತಿದ್ದಳು. ಅವಳು ಮಾವನ ಕಾಲಿಗೆ ನಮಸ್ಕಾರ ಮಾಡಿ ವಿಷಯ ಹೇಳಿದಳು. ಮಾವ ಆಶೀರ್ವಾದ ಮಾಡಿ, ಆಮೇಲೆ ಆಗುವುದಿಲ್ಲ ಎಂದರು.

"ಮದುರೆ ಅಂದ್ರೆ ಹಾಸ್ಟೆಲ್ಲು ತಾನೆ? ಅಲ್ಲಿ ಯಾರ ಕೈ ಅಡಿಗೆಯೋ, ಯಾವ ಪಾತ್ರೆಯೋ. ಏಕಾದಶಿ ಇಲ್ಲ, ದ್ವಾದಶಿ ಇಲ್ಲ. ಹೊರಗಡೆ ತಿಂದ ನಾಲಿಗೆ ಒಂದು ಸಲ ಕೆಟ್ರೆ ಕೆಟ್ಟ ಹಾಗೇನೇ. ಆಚಾರ ಬಿಟ್ಟು ಬರೋ ವಿದ್ಯೆ ನಮಗೆ ವೇಂಡಾಂ."

"ನಾನು ಅವಲಕ್ಕಿ ಮೊಸರು ತಿಂದ್ಕೊಂಡು ಇರ್ತೀನಿ ಅಪ್ಪಾ. ಏಕಾದಶಿ ತಪ್ಪದೇ ಮಾಡ್ತೀನಿ. ಪ್ರಾಮಿಸ್."

"ಕಣ್ಣೆದುರಿಗೆ ಇಲ್ದಿರೋವಾಗ ಯಾರೂ ಮಾಡಲ್ಲಮ್ಮಾ. ನಂಗೆ ಗೊತ್ತು" ಎಂದರು ಮಾವ.

ಎಷ್ಟು ಖಚಿತವಾಗಿ ಹೇಳಿದರೆಂದರೆ, ನನಗೆ ಆಗಲೇ ಅನುಮಾನ ಬರಬೇಕಿತ್ತು. ಸೇರಲು ಸೋಮವಾರ ಕೊನೆಯ ದಿನ. ಜಲಜಾ ಅಡಿಗೆಮನೆಯಲ್ಲಿ ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳು. "ಸೋಮವಾರ ಹೋಗ್ಲಿಲ್ಲ ಅಂದ್ರೆ ಸೀಟು ಪೋಚ್ಚು ಅತ್ತಿಗೆ. ಆಮೇಲೆ ಯಾರೋ ಒಬ್ಬ ಬರ್ತಾನೆ, ನಾನು ಉಪ್ಪಿಟ್ಟು ತಟ್ಟೆ ಹಿಡ್ಕೊಂಡು ನಿಲ್ಬೇಕು. ಅಷ್ಟೇ ಲೈಫು." ತಿರುಮಲ ಅಪ್ಪನೆದುರು ಒಂದು ಮಾತು ಆಡಿ, ಎರಡನೆಯದನ್ನು ನುಂಗಿಕೊಂಡರು. ಒಳ್ಳೆಯವರು ನನ್ನ ಗಂಡ. ಬೆನ್ನುಮೂಳೆಯೊಂದು ಇದ್ದಿದ್ದರೆ ಚಿನ್ನದಂಥವರು. ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದರು. ಅವರೂ ಬಾಯಿ ಬಿಡಲಿಲ್ಲವೆಂದು ನನಗೆ ಅವರ ಮೇಲೆ ಕೋಪವೇ ಬಂತು.

ಮುಂದಿನ ಏಕಾದಶಿ ಶುಕ್ರವಾರ ಬಂತು. ಮಾವನ ಬೆರಳು ಇನ್ನೂ ಪೂರ್ತಿ ವಾಸಿಯಾಗಿರಲಿಲ್ಲ. ಆದರೂ ಅತ್ತೆಯಿಂದ ಹೊಸ ಬಟ್ಟೆ ಸುತ್ತಿಸಿಕೊಂಡು, ಕುಂಟುತ್ತ ಪ್ರವಚನಕ್ಕೆ ಹೊರಟರು. ಅವರು ಹೋದ ಸ್ವಲ್ಪ ಹೊತ್ತಿಗೆ ನಾನೂ ಹೊರಟೆ. ಹಿಂಬಾಲಿಸಲಿಕ್ಕಲ್ಲ. ಮಾವ ಒಪ್ಪಲಿ ಬಿಡಲಿ, ಜಲಜಾಳಿಗೆ ಒಂದು ತಗಡಿನ ಟ್ರಂಕು ತಂದು ನಡುಮನೆಯಲ್ಲಿ ಇಟ್ಟೇ ಇಡುತ್ತೇನೆಂಬ ಹಟ ನನಗೆ. ಟ್ರಂಕು, ಪಾತ್ರೆ, ಚಾಪೆ ಎಂದರೆ ಆಗ ಪುರಸೈವಾಕ್ಕಂ ಬೀದಿಯೇ.

ಟ್ರಂಕು ಕೊಂಡು, ರಿಕ್ಷಾ ಬರುವ ತನಕ ಬಿಸಿಲು ತಪ್ಪಿಸಿಕೊಳ್ಳಲೆಂದು ಪಕ್ಕದ ಉಡುಪಿ ಹೋಟೆಲಿನ ಜಗಲಿಯ ನೆರಳಿಗೆ ಸರಿದು ನಿಂತೆ. ಒಳಗಿನಿಂದ ಬರುತ್ತಿದ್ದ ವಾಸನೆ ತಡೆಯಲಾರದೆ ಮುಖವನ್ನು ಬೀದಿಯ ಕಡೆ ತಿರುಗಿಸಿದೆ. ಗಲ್ಲಾದಲ್ಲಿ ಕೂತಿದ್ದ ಮಾಲೀಕ ಮೋನಪ್ಪ ನನ್ನನ್ನು ಗುರುತಿಸಿ ಎದ್ದು ಬಂದರು. ಕನ್ನಡ ಸಂಘದ ನವರಾತ್ರಿಯಲ್ಲಿ ಪ್ರತಿವರ್ಷ ಕಾಣುತ್ತಿದ್ದವರು.

"ಮಧ್ವರಾಯರ ಸೊಸೆ ಅಲ್ವಾ ನೀವು? ಬಿಸಿಲಲ್ಲಿ ಎಂತಕ್ಕೆ ನಿಂತದ್ದು? ಒಳಗೆ ಬನ್ನಿ ಅಮ್ಮಾ."

"ಇವತ್ತು ಏಕಾದಶಿ. ನಾನು ಏನೂ ಮುಟ್ಟೋ ಹಾಗಿಲ್ಲ" ಎಂದೆ.

"ಹೌದಲ್ಲ ಮಾರಾಯ್ರೆ, ಏಕಾದಶಿ! ಅದಕ್ಕೇ ಅಲ್ವಾ ರಾಯರು ಬಂದದ್ದು" ಎಂದರು ಮೋನಪ್ಪ, ಯಾವ ಕಪಟವೂ ಇಲ್ಲದೆ. "ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಪಾಪ, ಪ್ರಾಯ ಆದವರು ಎಷ್ಟು ಹೊತ್ತು ಅಂತ ಹಸಿದುಕೊಂಡು ಕೂತುಕೊಳ್ಳುವುದು? ಪ್ರತಿ ಏಕಾದಶಿಗೂ ಬರ್ತಾರೆ. ಹೋದ ಸಲ ಕಾಣಲಿಲ್ಲ, ಹುಷಾರಿಲ್ಲವೋ ಏನೋ ಅಂತ ನಾನು ಹೆದರಿದ್ದೆ. ಫ್ಯಾಮಿಲಿ ರೂಮಿನಲ್ಲಿ ಇದ್ದಾರೆ. ಕರೆಯಲಾ?"

"ಬೇಡ, ಬೇಡ" ಎಂದೆ. ಫ್ಯಾಮಿಲಿ ರೂಮಿನ ಅರ್ಧ ತೆರೆಯ ಕೆಳಗೆ ಎರಡು ಪಾದಗಳು ಕಾಣುತ್ತಿದ್ದವು. ಒಂದರ ಹೆಬ್ಬೆರಳಿಗೆ ಅರಿಶಿನದ ಬಟ್ಟೆ. ಒಳಗಿನಿಂದ ನಮ್ಮ ಮನೆಯ ಹೆಡ್ ಕ್ಲಾರ್ಕಿನ ದನಿ ಕೇಳಿತು: "ಇನ್ನೊಂದು ಸಲ ಸಾಂಬಾರು ಹಾಕಪ್ಪಾ."

ಮೊದಲು ನನಗೆ ತಡೆಯಲಾರದ ನಗು ಬಂತು. ಟ್ರಂಕಿನ ಮೇಲೆ ಕೂತು ಸೆರಗು ಕಚ್ಚಿಕೊಂಡೆ. ಆಮೇಲೆ ಆ ಬಟ್ಟೆಯ ಗಂಟು ಕಣ್ಣಿಗೆ ಕಟ್ಟಿತು. ಬೆಳಿಗ್ಗೆ ಅದನ್ನು ಕಟ್ಟಿ ಎದ್ದೇಳುವಾಗ ಅತ್ತೆ ತಲೆ ಸುತ್ತಿ ಗೋಡೆ ಹಿಡಿದುಕೊಂಡಿದ್ದರು. ಅಷ್ಟು ವರ್ಷದಿಂದ ಆ ಹೆಂಗಸು ನಿಜವಾಗಿ ಹಸಿದಿದ್ದರು. ಚೀಟಿಯ ಮೇಲೆ ಗೋಡಂಬಿ ಅರೆದು, ಕೇಸರಿ ಉದುರಿಸಿ, ಅದನ್ನೇ ತಿಂದು ಬದುಕಿದ್ದರು. ಈ ಮನುಷ್ಯ ಅವರ ಮಗಳಿಗೆ ನಾಲಿಗೆ ಕೆಡುತ್ತದೆ ಎಂದು ಬುದ್ಧಿ ಹೇಳಿದ್ದರು. ನನ್ನ ಕೋಪ ನೆತ್ತಿಗೇರಿತು.

ರಿಕ್ಷಾದಲ್ಲಿ ಮನೆಗೆ ಬರುವಷ್ಟರಲ್ಲಿ ಕೋಪ ಸ್ವಲ್ಪ ಇಳಿದು, ತುಂಟತನ ಮೇಲೆ ಬಂದಿತ್ತು. ಗಂಡನಿಗೆ ಹೇಳಲಿಲ್ಲ, ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಜಲಜಾಳಿಗೂ ಹೇಳಲಿಲ್ಲ. ಅಪ್ಪನ ಮೇಲಿನ ಗೌರವ ಕಳೆದುಕೊಂಡು ಆ ಹುಡುಗಿ ಮದುರೆಗೆ ಹೋಗುವುದು ನನಗೆ ಬೇಡವಾಗಿತ್ತು.

ಸಂಜೆ ಮಾವ ಕಳೆಕಳೆಯಾಗಿ ಬಂದು ನಡುಮನೆಯಲ್ಲಿ ಕೂತರು. ಟ್ರಂಕನ್ನು ನೋಡಿದರೂ ನೋಡದವರಂತೆ ಇದ್ದರು. ಜಲಜಾ ಆಟಕ್ಕೆ ಬರಲ್ಲವೆಂದಳು. "ಆಟಕ್ಕೂ ಕಾಲೇಜಿಗೂ ಏನು ಸಂಬಂಧ? ಬಾ" ಎಂದು ಕರೆಸಿದರು. ಅವತ್ತು ಪುಸ್ತಕದ ಸರದಿ ನನ್ನದಲ್ಲ, ತಿರುಮಲನವರದು. ಆದರೂ ನಾನು ನಿಘಂಟನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ.

"ಶಬ್ದ, ತೊಡಂಬೆ" ಎಂದೆ.

ಪುಸ್ತಕದಲ್ಲಿ ಅದರ ಅರ್ಥ ಗೊಂಚಲು ಎಂದಿತ್ತು. ಆ ಅರ್ಥವನ್ನು ನಾನು ಬರೆಯಲೇ ಇಲ್ಲ. ಅದರ ಜಾಗಕ್ಕೆ ನನ್ನದೇ ಒಂದು ಚೀಟಿ ಬರೆದು ಸೇರಿಸಿದೆ. ನಿಜ ಹೇಳಬೇಕಾದ ಜಾಗದಲ್ಲಿ ಸುಳ್ಳು ಇಟ್ಟೆನೋ, ಸುಳ್ಳಿನ ಆಟದಲ್ಲಿ ನಿಜ ಇಟ್ಟೆನೋ, ನನಗೇ ಗೊತ್ತಾಗಲಿಲ್ಲ. ಒಂದೊಂದಾಗಿ ಓದಿದೆ.

"ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಬಾಳೆಕಾಯಿ." ಇದು ತಿರುಮಲನವರದೆಂದು ಹೇಳಬೇಕಾಗಿಲ್ಲ.

"ಎಷ್ಟು ತಟ್ಟಿದರೂ ತೆರೆಯದ ಬಾಗಿಲು." ಜಲಜಾ ನೆಲ ನೋಡುತ್ತಿದ್ದಳು. ಏಕಾದಶಿಯ ದಿನ ಅವಳು ತಿಂಡಿ ಬಿಟ್ಟು ಬೇರೆ ಬರೆದದ್ದು ಅದೇ ಮೊದಲು.

"ಹೆಸರುಬೇಳೆ, ಬೆಲ್ಲ, ಎಳೆ ತೆಂಗಿನಕಾಯಿ ಸೇರಿಸಿ, ಬಾಳೆಎಲೆಯಲ್ಲಿ ಮಡಿಸಿ ಆವಿಯಲ್ಲಿ ಬೇಯಿಸಿದ್ದು. ತುಪ್ಪ ಧಾರಾಳವಾಗಿರತಕ್ಕದ್ದು." ಅತ್ತೆಯದು.

"ದೇವಾಲಯದ ಶಿಖರದ ಕೆಳಗೆ ಕೆತ್ತುವ ಸಿಂಹದ ಮುಖ." ಮಾವನದು. ಹೊಟ್ಟೆ ತುಂಬಿದ ಸಿಂಹ.

ಕೊನೆಯ ಚೀಟಿಯನ್ನು ನಾನು ಮಾವನ ಮುಖ ನೋಡುತ್ತಲೇ ಓದಿದೆ. "ಮನೆಯವರನ್ನೆಲ್ಲ ಉಪವಾಸ ಕೂರಿಸಿ, ತಾನು ಮಾತ್ರ ಪುರಸೈವಾಕ್ಕಂನಲ್ಲಿ ತೆರೆಯ ಹಿಂದೆ ಕೂತು ಎರಡು ಸಲ ಸಾಂಬಾರು ಹಾಕಿಸಿಕೊಳ್ಳುವವನು."

ತಿರುಮಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾರಪ್ಪಾ ಇದು ಬರೆದಿದ್ದು? ಹಳೇ ನಿಘಂಟಿನವರಿಗೆ ಪುರಸೈವಾಕ್ಕಂ ಗೊತ್ತಿತ್ತಾ? ನನ್ನ ಓಟು ಸಿಂಹದ ಮುಖಕ್ಕೆ."

"ನಂದೂ ಅದೇ" ಎಂದಳು ಜಲಜಾ, ಯಾವುದಾದರೇನು ಎಂಬಂತೆ.

ಮಾವನ ಮುಖದಲ್ಲಿದ್ದ ಕಳೆ ದೀಪ ಸಣ್ಣದು ಮಾಡಿದಂತೆ ಇಳಿಯುತ್ತಿತ್ತು. ಅವರು ನನ್ನನ್ನು ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ. ಸೊಸೆ ಹಾಗೆ ನೋಡಬಾರದು, ಆದರೂ ನೋಡಿದೆ. ಹುಡುಗರ ಮಾತೆಂದು ನಕ್ಕು, ಬೇರೆ ಚೀಟಿಯ ಹೆಸರು ಹೇಳಿಬಿಟ್ಟರೆ ನನ್ನ ಆಟ ಅಲ್ಲಿಗೆ ಮುಗಿಯಿತು. ಅವರು ಹಾಗೇ ಮಾಡುವವರಿದ್ದರೆಂದು ಕಾಣುತ್ತದೆ. ಮೀಸೆಯಂಚಿನಲ್ಲಿ ಒಂದು ನಗು ತಂದುಕೊಳ್ಳುತ್ತಿದ್ದರು.

ಅಷ್ಟರಲ್ಲಿ ಅತ್ತೆ ಮಾತಾಡಿದರು. "ನಂಗೆ ಕೊನೇದೇ ಸರಿ ಅನ್ನಿಸುತ್ತೆ. ತೊಡಂಬೆ ಅಂದ್ರೆ ಅದೇ. ಬೇರೆ ಇರೋಕ್ಕೆ ಸಾಧ್ಯವೇ ಇಲ್ಲ."

ಗಂಡನ ಕಡೆ ತಿರುಗದೆ, ಹುಣಿಸೆಬೀಜಗಳನ್ನು ಒಂದೊಂದಾಗಿ ಸಾಲಾಗಿ ಇಡುತ್ತ ಹೇಳಿದರು. ಮಾವನ ನಗು ಅರ್ಧಕ್ಕೇ ನಿಂತಿತು. ತಿರುಮಲ, "ಅಮ್ಮಾ, ಅದು ಜೋಕು!" ಎಂದರು. ಯಾರೂ ಅವರನ್ನು ಗಮನಿಸಲಿಲ್ಲ.

"ಏನೂಂದ್ರೆ, ನಿಮ್ಮದು ಯಾವುದು?" ಎಂದು ಅತ್ತೆ ಕೇಳಿದರು.

ಬೀದಿಯಲ್ಲಿ ಮಲ್ಲಿಗೆ ಮಾರುವವಳು ಕೂಗಿಕೊಂಡು ಹೋದಳು. ಮಾವ ಕನ್ನಡಕ ತೆಗೆದು ಪಂಚೆಯಂಚಿನಿಂದ ಒರೆಸಿದರು.

"ಅದೇ" ಎಂದರು ಕೊನೆಗೆ.

"ಅಪ್ಪಾ!" ತಿರುಮಲ ಪುಸ್ತಕಕ್ಕೆ ಕೈ ಹಾಕಿದರು. "ಎಲ್ಲಿ, ನಾನು ನೋಡ್ತೀನಿ."

"ಇಲ್ಲಿ ಕೊಡು" ಎಂದು ಮಾವ ನಿಘಂಟನ್ನು ನನ್ನ ತೊಡೆಯಿಂದ ಎತ್ತಿಕೊಂಡರು. ಕನ್ನಡಕ ಏರಿಸಿ, ಪುಟದ ಮೇಲೆ ಬೆರಳು ಇಳಿಸಿದರು. ಬೆರಳು ತೊಡಂಬೆಯ ಎದುರು ನಿಂತಿತು. ಗೊ, ಅನುಸ್ವಾರ, ಚ, ಲು. ಅದನ್ನು ಅವರು ಬಹಳ ಹೊತ್ತು ಓದಿದರು.

"ಹೌದು" ಎಂದರು. "ಹಾಗೇ ಇದೆ."

"ಪುರಸೈವಾಕ್ಕಂ ಸಮೇತ?"

"ದೊಡ್ಡ ನಿಘಂಟು ಕಣೋ. ಎಲ್ಲಾ ಇರುತ್ತೆ." ಪುಸ್ತಕ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡರು. ಆಮೇಲೆ, ಯಾರ ಮುಖವನ್ನೂ ನೋಡದೆ, "ಮದುರೆಗೆ ನಾಳೆ ರೈಲು ಎಷ್ಟು ಗಂಟೆಗೆ? ಹುಡುಗಿ ಸೋಮವಾರ ಸೇರಬೇಕಲ್ಲ" ಎಂದರು.

ಜಲಜಾಳಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆದಮೇಲೆ ಎದ್ದ ರಭಸಕ್ಕೆ ಹುಣಿಸೆಬೀಜಗಳು ನಡುಮನೆ ತುಂಬ ಚೆಲ್ಲಾಡಿದವು. ಅಪ್ಪನ ಕಾಲು ಹಿಡಿದುಕೊಂಡಳು. ಗಾಯದ ಬೆರಳನ್ನೇ ಹಿಡಿದದ್ದರಿಂದ ಅವರು ಹಾ ಎಂದು ಕೂಗಿ, ಆ ನೆಪದಲ್ಲಿ ಕಣ್ಣೊರೆಸಿಕೊಂಡರು. ಆಗ ಮಾತ್ರ ನನಗೆ ಅವರ ಮೇಲೆ ಸ್ವಲ್ಪ ಮಮತೆ ಹುಟ್ಟಿತು. ಸ್ವಲ್ಪ.

"ನಾನೇ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ" ಎಂದರು ಮಾವ.

"ಬೇಡ" ಎಂದರು ಅತ್ತೆ. "ದಾರಿಯಲ್ಲಿ ಹೋಟೆಲುಗಳು ಜಾಸ್ತಿ. ತಿರುಮಲ ಹೋಗಲಿ."

ಕತ್ತಲಾಗುವ ಮುಂಚೆ ಅತ್ತೆ ಹಿತ್ತಿಲಿನಲ್ಲಿ ಮರುದಿನದ ಪಾರಣೆಗೆ ಅಗಸೆಸೊಪ್ಪು ಕೊಯ್ಯುತ್ತಿದ್ದರು. ನಾನು ಬುಟ್ಟಿ ಹಿಡಿದು ನಿಂತೆ. ಇಡೀ ಮನೆಯನ್ನು ಗೆದ್ದವಳು ನಾನು ಎಂಬ ಜಂಬ ನನಗೆ ಇನ್ನೂ ಇಳಿದಿರಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ?" ಎಂದು ಕೇಳಿದೆ.

"ತಿರುಮಲ ಹುಟ್ಟೋಕೆ ಮುಂಚೇನೇ. ಈರುಳ್ಳಿ ಕಾಣದ ಮನೆ ಇದು. ಏಕಾದಶಿ ಸಂಜೆ ಹತ್ತಿರ ಬಂದು ಜಾನಕೀ ಅಂದ್ರೆ ವಾಸನೆ ಬರಲ್ವೇನೇ?"

"ಇಷ್ಟು ವರ್ಷ ಒಂದು ಮಾತೂ ಕೇಳಲಿಲ್ವಾ? ನೀವು ಹಸ್ಕೊಂಡು, ಅವರು ಅಲ್ಲಿ ತಿಂದ್ಕೊಂಡು? ನಾನಾಗಿದ್ರೆ ಅವತ್ತೇ..."

"ನನ್ನ ಉಪವಾಸ ದೇವರಿಗೆ. ಅವರಿಗಲ್ಲ" ಎಂದು ಅತ್ತೆ ಕೊಂಬೆ ಬಗ್ಗಿಸಿದರು. "ನೀನಾಗಿದ್ರೆ ಅವತ್ತೇ ಬೀದಿಗೆ ಕೇಳೋ ಹಾಗೆ ಕೂಗಾಡ್ತಿದ್ದೆ. ಅವರು ತಪ್ಪಾಯ್ತು ಅಂತಿದ್ರು. ಅಲ್ಲಿಗೆ ಮುಗೀತು. ಒಂದು ಸಲ ತವರಿಗೆ ಹೋಗೋಕೆ ಬಿಡಲಿಲ್ಲ, ಆಗ ಹೇಳಿಬಿಡೋಣ ಅನ್ನಿಸ್ತು. ನಾಲಿಗೆ ತುದಿ ತನಕ ಬಂತು. ಬೇಡ ಅಂತ ಇಟ್ಕೊಂಡೆ."

"ಯಾಕತ್ತೆ?"

ಅತ್ತೆ ಸೊಪ್ಪಿನ ಕಡ್ಡಿಯನ್ನು ಬುಟ್ಟಿಗೆ ಹಾಕಿ ನನ್ನ ಕಡೆ ತಿರುಗಿದರು. ಒಳಗೆ ಜಲಜಾ ಯಾವುದೋ ತಮಿಳು ಹಾಡು ಗುನುಗುತ್ತ ಬಟ್ಟೆ ಮಡಿಸುತ್ತಿದ್ದಳು.

"ಅಂಥಾ ಮಾತು ಒಂದೇ ಸಲ ಕೆಲಸಕ್ಕೆ ಬರೋದು ಸರಸು" ಎಂದರು. "ನನಗೋಸ್ಕರ ಆಡಿಬಿಟ್ಟಿದ್ರೆ, ಇವತ್ತು ನನ್ನ ಮಗಳಿಗೆ ಏನು ಕೊಡ್ತಿದ್ದೆ?"